ಕಾಳಿ ಅನ್ನೋ ನಾಯಿಗೊಂದು ವೀರಗಲ್ಲು

ನಾಯಿ ಮತ್ತು ಮನುಷ್ಯನ ನಂಟು ಅಂದ ಕೂಡಲೇ ನಮಗೆ ನೆನಪಾಗೋದು 2022ರ ‘777 ಚಾರ್ಲಿ’. ಆದರೆ ಕನ್ನಡನಾಡಿನ ಒಬ್ಬ ಕಲಾವಿದ ಇದೇ ನಂಟನ್ನು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಲ್ಲಲ್ಲಿ ಕೆತ್ತಿದ್ದ. ಅದೇ ಆತಕೂರು ಶಾಸನ. ಊರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು, ಕಾಲ ಕ್ರಿ.ಶ. 949-50.

ಮೊದಲು ವೀರಗಲ್ಲು ಅಂದ್ರೆ ಏನು ನೋಡೋಣ. ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸುವ ಕಲ್ಲು ಅದು. ನಮ್ಮ ಹೆಬ್ಬಾಳದಲ್ಲೇ 2018ರಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದ್ದು. ಸಾಮಾನ್ಯವಾಗಿ ಇಂಥ ಕಲ್ಲಲ್ಲಿ ಕಾಣೋದು ಕತ್ತಿ ಹಿಡಿದ ವೀರ. ಆತಕೂರಿನ ಕಲ್ಲಲ್ಲಿ ಕಾಣೋದು ಹಂದಿಯ ಮೇಲೆ ಬಿದ್ದ ನಾಯಿ!

ಹಿನ್ನೆಲೆ ಹೀಗಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಚಕ್ರವರ್ತಿ ಮೆಚ್ಚಿ ಅವನಿಗೆ ಬನವಾಸಿ, ಬೆಳ್ವೊಲ ಮುಂತಾದ ನಾಡುಗಳನ್ನು ಕೊಟ್ಟ. ಬೂತುಗನ ಜೊತೆ ಹೋರಾಡಿದವನು ಮಣಲೇರ. ಏನು ಬೇಕೋ ಕೇಳು ಅಂತ ಬೂತುಗ ಹೇಳಿದಾಗ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಪೂಜೆ ಮಾಡದೆ ಊಟ ಮಾಡಿದರೆ ಆ ಭೂಮಿ ನೋಡಿಕೊಳ್ಳುವ ಗೊರವನಿಗೆ ಪಾಪ ಅಂತಲೂ ಬರೆಸಿದ್ದಾರೆ.

ಈಗ ಚಿತ್ರವನ್ನೂ ಬರಹವನ್ನೂ ಹೋಲಿಸಿ. ಬರಹದಲ್ಲಿ ಚಕ್ರವರ್ತಿ ಇದ್ದಾನೆ, ಮಹಾಯುದ್ಧ ಇದೆ, ದಾನ ಇದೆ. ಇಷ್ಟೆಲ್ಲ ಇದ್ದರೂ ಶಿಲ್ಪಿಯ ಉಳಿ ಆರಿಸಿಕೊಂಡಿದ್ದು ಕಾಳಿಯ ಕೊನೆಯ ಕಾದಾಟವನ್ನ. ಅಕ್ಷರ ಬಾರದ ಹಳ್ಳಿಯವನಿಗೂ ಅದು ಯಾರ ಕಲ್ಲು ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ಇತಿಹಾಸದ ಪುಸ್ತಕಗಳು ಈ ಶಾಸನವನ್ನು ತಕ್ಕೋಲದ ಯುದ್ಧಕ್ಕೆ ಆಧಾರ ಅಂತ ಬಳಸುತ್ತವೆ. ಆದರೆ ಒಂದು ನಾಯಿ ಸತ್ತ ದುಃಖ ಇಲ್ಲದಿದ್ದರೆ ಆ ಆಧಾರವೇ ನಮಗೆ ಸಿಗ್ತಿರಲಿಲ್ಲ.

ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಮ್ಮ ಕ್ಯಾಂಟೀನ್ ಮುಂದೆ ಮಲಗೋ ನಾಯಿಗಳಿಗೆ ನಾವೂ ಹೆಸರಿಟ್ಟಿದ್ದೀವಿ. ಹೆಸರಿಟ್ಟ ಮೇಲೆ ಅವುಗಳ ಅನ್ನ, ನೀರು, ಲಸಿಕೆಯ ಹೊಣೆಯೂ ನಮ್ಮದೇ ಅಲ್ವಾ? ಮಣಲೇರ ಪೂಜೆಗೆ ಭೂಮಿ ಬಿಟ್ಟಿದ್ದು ಇಂಥದ್ದೇ ಹೊಣೆಯಿಂದ.