ಗಾಡಿಯ ಭಾರ ಇಳಿಸುತ್ತಾ ಕಲಿತದ್ದು

ನೌಕರಿ ಬಾರಾಮತಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಊರು ವಿಜಯಪುರದ ಕಡೆ. ಇಂದಾಪುರ, ಟೆಂಭುರ್ಣಿ, ಸೊಲ್ಲಾಪುರ ಹಿಡಿದು, ಟಾಕಳಿಯ ಹತ್ತಿರ ಭೀಮೆ ದಾಟಿ ಮನೆ ಸೇರುವ ದಾರಿಯಲ್ಲಿ ಹಿಮಾಲಯನ್ 411 ಬೈಕು ಓಡಿಸುತ್ತಾ ಬಂದಿದ್ದೇನೆ. ಲಗೇಜು ಇಲ್ಲದೆಯೇ 199 ಕೆಜಿ ತೂಗುವ ಗಾಡಿ ಅದು. ದೂರದ ಸವಾರಿಗೆ ಹೊರಡುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

1. ಪಾರ್ಟು ಕೊಳ್ಳುವ ಮೊದಲು ಗಂಟು ಬಿಚ್ಚಿ

ಹಗುರ ಮಾಡಬೇಕೆಂದಾಗ ನನಗೆ ಮೊದಲು ನೆನಪಾದದ್ದು ಅಂಗಡಿ. ಲಿಥಿಯಂ ಬ್ಯಾಟರಿ ಹಾಕಿಸಿದೆ. ದುಡ್ಡು ಬಹಳ ಹೋಯಿತು, ಇಳಿದದ್ದು ಎರಡು ಕೆಜಿಯಷ್ಟು. ವಿಜಯಪುರದ ಮೆಕ್ಯಾನಿಕ್ ಒಬ್ಬರು ನೋಡಿ ಹೇಳಿದರು: “ಗಾಡ್ಯಾಗ ಏನೂ ತ್ರಾಸ ಇಲ್ರಿ ಸರ. ಹಿಂದ ಹೇರೀರಲ್ಲ, ಅದನ್ನ ಇಳಸ್ರಿ.” ನನ್ನ ಅಲ್ಯೂಮಿನಿಯಂ ಪೆಟ್ಟಿಗೆಗಳು, ಅವನ್ನು ಹಿಡಿದಿದ್ದ ಕಬ್ಬಿಣದ ಚೌಕಟ್ಟು ಸೇರಿ ಖಾಲಿಯಿದ್ದಾಗಲೇ 17 ಕೆಜಿ. ಈಗ ಕ್ಯಾನ್ವಾಸಿನ ಜೋಡಿ ಚೀಲ ಕಟ್ಟುತ್ತೇನೆ. 4 ಕೆಜಿಯೊಳಗೆ ಮುಗಿಯುತ್ತದೆ.

2. ತೂಗದೆ ಏನನ್ನೂ ನಂಬಬೇಡಿ

ಬಾರಾಮತಿ ತಾಲ್ಲೂಕಿನಲ್ಲಿ ಮಾಳೇಗಾಂವ್, ಸೋಮೇಶ್ವರ ಸಕ್ಕರೆ ಕಾರ್ಖಾನೆಗಳಿವೆ, ಕಬ್ಬು ತೂಗುವ ಕಾಟಾಗಳಿಗೆ ಬರವಿಲ್ಲ. ಆದರೆ ಲಾರಿಗೆಂದು ಮಾಡಿದ ಕಾಟಾ ನಾಲ್ಕೈದು ಕೆಜಿಯ ವ್ಯತ್ಯಾಸ ತೋರಿಸುವುದಿಲ್ಲ. ಕಾಳಿನ ಅಂಗಡಿಯ ನೆಲದ ತಕ್ಕಡಿ ಸಾಕು. ಮುಂದಿನ ಗಾಲಿ ಅದರ ಮೇಲೆ ಬರಲಿ. ಹಿಂದಿನ ಗಾಲಿಯ ಕೆಳಗೆ ತಕ್ಕಡಿಯಷ್ಟೇ ಎತ್ತರದ ಹಲಗೆ ಇಡಿ. ಇಬ್ಬರು ಎರಡೂ ಬದಿ ನಿಂತು, ಬೆರಳ ತುದಿಯಲ್ಲಷ್ಟೇ ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಬೇಕು; ಗಟ್ಟಿ ಹಿಡಿದರೆ ಅಂಕಿ ಓಡಾಡುತ್ತದೆ. ನಂತರ ಹಿಂದುಮುಂದು ಮಾಡಿ ಮತ್ತೊಮ್ಮೆ. ಎರಡನ್ನೂ ಕೂಡಿದರೆ ಒಟ್ಟು ತೂಕ. ಅದಕ್ಕಿಂತ ಬೆಲೆಯುಳ್ಳದ್ದು ಯಾವ ಗಾಲಿಯ ಮೇಲೆ ಎಷ್ಟಿದೆ ಎಂಬ ಲೆಕ್ಕ. ಸಾಮಾನನ್ನೂ ಒಂದೊಂದಾಗಿ ತೂಗಿ ಚೀಟಿಯಲ್ಲಿ ಬರೆದೆ. ಉಪಯೋಗಕ್ಕೇ ಬಾರದ ಪಾನಾಗಳು, ಎರಡನೇ ಜೋಡಿ ಬೂಟು, ಗಾಜಿನ ಬಾಟಲಿಯ ಉಪ್ಪಿನಕಾಯಿ ಎಲ್ಲ ಸಿಕ್ಕಿಬಿದ್ದವು. ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ಹೋಯಿತು, ಬಿಡಲಾಗಲಿಲ್ಲ.

3. ಎಷ್ಟು ಕೆಜಿ ಎಂಬುದರ ಜೊತೆಗೆ ಎಲ್ಲಿ ಎಂಬುದನ್ನೂ ನೋಡಿ

ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರಾಲಿಗಳು ಹೊಲದ ಮಣ್ಣನ್ನು ಡಾಂಬರಿಗೆ ತರುತ್ತವೆ. ಇಬ್ಬನಿ ಬಿದ್ದ ಬೆಳಿಗ್ಗೆ ಅಂಥ ಕಡೆ ನಿಧಾನವಾಗಿಯೇ ತಿರುಗುವಾಗ ಮುಂದಿನ ಗಾಲಿ ಜಾರಿ ಬಿದ್ದೆ. ಹಿಂದಿನ ಗಾಲಿಯ ಅಕ್ಷಕ್ಕಿಂತ ಒಂದಡಿ ಹಿಂದೆ ಟಾಪ್ ಬಾಕ್ಸ್ ತುಂಬಿಕೊಂಡಿತ್ತು. ಎರಡು ಗಾಲಿಗಳ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್. ಅಕ್ಷದಿಂದ 30 ಸೆಂಟಿಮೀಟರ್ ಹಿಂದೆ 10 ಕೆಜಿ ಇಟ್ಟರೆ ಹಿಂದಿನ ಗಾಲಿಯ ಮೇಲೆ 12 ಕೆಜಿ ಬೀಳುತ್ತದೆ, ಮುಂದಿನದು 2 ಕೆಜಿ ಹಗುರಾಗುತ್ತದೆ. ಜಾರಿದ್ದಕ್ಕೆ ಮಣ್ಣೂ ಕಾರಣ, ಆದರೆ ಬಿದ್ದ ಗಾಡಿಯನ್ನು ಒಬ್ಬನೇ ಎತ್ತಲಾಗದ್ದಕ್ಕೆ ಆ ಹೇರೇ ಕಾರಣ. ಭಾರದ ಸಾಮಾನು ಈಗ ಟ್ಯಾಂಕಿನ ಎರಡು ಬದಿಗೆ, ತಗ್ಗಿನಲ್ಲಿ.

4. ಕಂಪನಿ ಕೊಡುವ ತೂಕದಲ್ಲಿ ಎರಡು ಬಗೆ

ಬಾರಾಮತಿಯ ಪಿಯಾಜಿಯೊ ಕಾರ್ಖಾನೆಯಲ್ಲೇ ತಯಾರಾಗುವ ಎಪ್ರಿಲಿಯಾ ಆರ್‌ಎಸ್ 457ಕ್ಕೆ ಅಲ್ಯೂಮಿನಿಯಂ ಚೌಕಟ್ಟು. ಅದರ ಒಣ ತೂಕ 159 ಕೆಜಿ. ಪೆಟ್ರೋಲು, ದ್ರವಗಳು ಸೇರಿದರೆ 175. ಹದಿನಾರು ಕೆಜಿಯ ಅಂತರ! ಗಾಡಿ ಹೋಲಿಸುವಾಗ ಒಂದರ ಒಣ ತೂಕಕ್ಕೆ ಇನ್ನೊಂದರ ತುಂಬಿದ ತೂಕ ಎದುರಿಡಬೇಡಿ.

5. ಪಂಪು, ಹೋಟೆಲು ಇರುವ ದಾರಿಯಲ್ಲಿ ಕ್ಯಾನು ಬೇಡ

ಲೀಟರ್ ಪೆಟ್ರೋಲು ಸುಮಾರು ಮುಕ್ಕಾಲು ಕೆಜಿ, ನೀರು ಒಂದು ಕೆಜಿ. ಸೊಲ್ಲಾಪುರ ಹೆದ್ದಾರಿಯಲ್ಲಿ ಎರಡಕ್ಕೂ ಕೊರತೆಯಿಲ್ಲ. ಲಡಾಖಿನ ಮಾತು ಬೇರೆ.

6. ಕೆಲವನ್ನು ಮುಟ್ಟಲೇಬಾರದು

ಸೀರೆ ಗಾರ್ಡ್, ಹಿಂದೆ ಕೂತವರ ಹಿಡಿಕೆ, ಫುಟ್‌ರೆಸ್ಟ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಮೂಲ ಸೈಲೆನ್ಸರ್ ಭಾರವೇ, ಆದರೆ ಅದರೊಂದಿಗೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಸದ್ದು ತಡೆಯುವುದೂ ಅದೇ; ಬೆಳಗಿನ ಜಾವ ಹಳ್ಳಿ ಹಾಯುವವರು ಅಲ್ಲಿ ಮಲಗಿದವರನ್ನೂ ನೆನೆಯಬೇಕು. ಪಂಕ್ಚರ್ ಸಾಮಾನು, ಪ್ರಥಮ ಚಿಕಿತ್ಸೆಯ ಡಬ್ಬಿ, ಕ್ರ್ಯಾಶ್ ಗಾರ್ಡ್ ನನ್ನ ಗಾಡಿಯಲ್ಲಿ ಹಾಗೆಯೇ ಇವೆ.

7. ಇಳಿಸಿದ ಮೇಲೆ ಹೊಂದಿಸಿ

ಹೇರು ಕಡಿಮೆಯಾದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿ ಸಡಿಲಿಸಬೇಕು, ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ತರಬೇಕು. ಹೆಡ್‌ಲೈಟನ್ನೂ ನೋಡಿ: ಹಿಂಭಾಗ ಎದ್ದಾಗ ಬೆಳಕು ತಗ್ಗುತ್ತದೆ, ರಾತ್ರಿ ರಸ್ತೆ ದೂರದವರೆಗೆ ಕಾಣುವುದಿಲ್ಲ. ಗೋಡೆಯೆದುರು ಗಾಡಿ ನಿಲ್ಲಿಸಿ, ಸವಾರ ಕೂತಿರುವಾಗಲೇ ಇದನ್ನು ಸರಿಮಾಡಿಕೊಳ್ಳಬೇಕು.