ಡ್ರಾಪ್ ತಪ್ಪಿತೇ? ಹೊಡೆಯುವ ಮುನ್ನ ತಿದ್ದಿಕೊಳ್ಳಿ

ಗಾಲ್ಫ್‌ನಲ್ಲಿ ಚೆಂಡನ್ನು ಡ್ರಾಪ್ ಮಾಡುವುದೆಂದರೆ ಸುಮ್ಮನೆ ಕೈಬಿಡುವುದಲ್ಲ. 2019ರಿಂದ ಅದನ್ನು ಮೊಣಕಾಲಿನ ಎತ್ತರದಿಂದಲೇ ನೇರವಾಗಿ ಬಿಡಬೇಕು. ತಿರುಗಿಸಬಾರದು, ಎಸೆಯಬಾರದು. ಚೆಂಡು ನೆಲ ಮುಟ್ಟುವ ಮೊದಲು ನಿಮ್ಮ ಮೈಗಾಗಲಿ ಕಿಟ್‌ಗಾಗಲಿ ತಾಗಬಾರದು.

ಹಳೆಯ ರೂಢಿ ಬೇಗ ಬಿಡುವುದಿಲ್ಲ. ಅದೇ ವರ್ಷ ಮೆಕ್ಸಿಕೋ ಚಾಂಪಿಯನ್‌ಷಿಪ್‌ನಲ್ಲಿ ರಿಕಿ ಫೌಲರ್ ಭುಜದೆತ್ತರದಿಂದ ಚೆಂಡು ಬಿಟ್ಟು ಹಾಗೇ ಹೊಡೆದರು. ಒಂದು ಸ್ಟ್ರೋಕ್ ದಂಡ ಬಿತ್ತು.

ಆದರೆ ಗಾಬರಿ ಬೇಡ. ತಪ್ಪಾಗಿ ಬಿಟ್ಟ ಮಾತ್ರಕ್ಕೆ ದಂಡವಿಲ್ಲ. ಚೆಂಡನ್ನು ಎತ್ತಿಕೊಂಡು ಸರಿಯಾಗಿ ಬಿಡಿ, ಎಷ್ಟು ಸಲ ಬೇಕಾದರೂ. ತಿದ್ದದೆ ಹೊಡೆದರೆ ಮಾತ್ರ ಪೆಟ್ಟು: ರಿಲೀಫ್ ಜಾಗದ (ಚೆಂಡು ಬಿಡಲು ನಿಯಮ ಗೊತ್ತುಮಾಡಿದ ಜಾಗದ) ಒಳಗಿನಿಂದ ಹೊಡೆದರೆ ಒಂದು ಸ್ಟ್ರೋಕ್; ಹೊರಗಿನಿಂದ ಹೊಡೆದರೆ, ಅಥವಾ ಡ್ರಾಪ್ ಮಾಡಬೇಕಾದಲ್ಲಿ ಕೈಯಿಂದ ಇಟ್ಟು ಹೊಡೆದರೆ ಸ್ಟ್ರೋಕ್ ಪ್ಲೇಯಲ್ಲಿ ಎರಡು ಸ್ಟ್ರೋಕ್, ಮ್ಯಾಚ್ ಪ್ಲೇಯಲ್ಲಿ ಆ ಹೋಲ್ ಕೈತಪ್ಪಿದಂತೆಯೇ.

ಸರಿಯಾಗಿ ಬಿಟ್ಟ ಚೆಂಡು ಉರುಳಿ ಜಾಗದಿಂದಾಚೆ ಹೋದರೆ ಅದು ನಿಮ್ಮ ತಪ್ಪಲ್ಲ. ಇನ್ನೊಮ್ಮೆ ಬಿಡಿ; ಮತ್ತೆ ಉರುಳಿದರೆ, ಎರಡನೇ ಸಲ ಅದು ಮೊದಲು ನೆಲ ಮುಟ್ಟಿದಲ್ಲಿ ಇಡಿ.

ಅನುಮಾನ ಬಂದರೆ ಜೊತೆಯ ಆಟಗಾರರನ್ನೋ ರೆಫರಿಯನ್ನೋ ಕೇಳಿ, ಆಮೇಲೆ ಕ್ಲಬ್ ಬೀಸಿ. ಕೇಳುವುದಕ್ಕೆ ದಂಡವಿಲ್ಲ.