ಹಲ್ಲು ನೋಡುವ ಮುನ್ನ ಬಾಯಿ ನೋಡು

ಬಿಡಿಎಸ್ ಮುಗಿಸಿ ಊರಲ್ಲೇ ಕ್ಲಿನಿಕ್ ತೆರೆಯುತ್ತೇನೆ ಅಂದೆಯಲ್ಲಮ್ಮ, ಬಹಳ ಸಂತೋಷ. ಯಾವ ಕುರ್ಚಿ ಕೊಳ್ಳಬೇಕು, ಬೋರ್ಡು ಎಲ್ಲಿ ಹಾಕಬೇಕು ಅನ್ನೋದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಇದೇ ಕೆಲಸದಲ್ಲಿ ತಲೆ ನರೆತ ನಾನು ಹೇಳೋದು ಒಂದೇ ಮಾತು: ಹಲ್ಲುನೋವು ಅಂತ ಬಂದವರ ಹಲ್ಲನ್ನಷ್ಟೇ ನೋಡಿ ಕಳಿಸಬೇಡ.

ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಕೆನ್ನೆಯ ಒಳಗೊಂದು ಬಿಳಿ ಮಚ್ಚೆ, ನಾಲಿಗೆಯ ಅಂಚಿನಲ್ಲೊಂದು ಕೆಂಪು ಕಲೆ, ಮಾಯದ ಹುಣ್ಣು. ನೋವಿಲ್ಲದ್ದಕ್ಕೆ ಯಾರು ತಾನೇ ಡಾಕ್ಟರ ಹತ್ತಿರ ಬರುತ್ತಾರೆ? ಬರುವುದು ಬಾಯಿ ತೆರೆಯಲಾಗದಾಗ, ಕುತ್ತಿಗೆಯಲ್ಲಿ ಗಂಟು ಕಂಡಾಗ. ಅಷ್ಟರಲ್ಲಿ ದವಡೆಯನ್ನೇ ತೆಗೆಯಬೇಕಾದ ಸ್ಥಿತಿ ಬಂದಿರಬಹುದು. ಆದರೆ ಅದೇ ಮನುಷ್ಯ ಅದಕ್ಕೂ ಮೊದಲು ಹುಳುಕು ಹಲ್ಲು ಕೀಳಿಸಲು ನಿನ್ನಂಥವರ ಕುರ್ಚಿಯಲ್ಲಿ ಕೂತು ಎದ್ದುಹೋಗಿರುತ್ತಾನೆ.

ಹಾಗಾಗಿ ಬಂದವರೆಲ್ಲರ ಬಾಯನ್ನೂ ಪೂರ್ತಿ ನೋಡು. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ತೆಗೆಸು. ತುಟಿ ಮಗುಚಿ ನೋಡು, ಕೆನ್ನೆ ಎಳೆದು ಒಸಡಿನ ಸಂದಿಯವರೆಗೂ ಬೆಳಕು ಬಿಡು. ನಾಲಿಗೆಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಎರಡೂ ಪಕ್ಕ ತಿರುಗಿಸು, ಅದರ ಅಡಿ, ಅಂಗುಳ, ಗಂಟಲಿನ ಬಾಗಿಲು ನೋಡು. ಕೊನೆಗೆ ದವಡೆಯ ಕೆಳಗೆ ಬೆರಳಿಟ್ಟು ಗಂಟು ತಡಕು. ಎರಡು ಮೂರು ನಿಮಿಷದ ಕೆಲಸ, ಅದಕ್ಕೆ ಬೇರೆ ಫೀಸು ಕೇಳಬೇಡ.

ತಂಬಾಕಿನ ಚಟ ಕೇಳುವಾಗ ಗದರಬೇಡ. ಗದರಿದರೆ ಸುಳ್ಳು ಹೇಳುತ್ತಾರೆ. "ಯಾವ ಕಡೆ ದವಡೆಗೆ ಇಡ್ತೀರಿ?" ಅಂತ ಸಲೀಸಾಗಿ ಕೇಳು, ಆ ಜಾಗವನ್ನು ಎರಡು ಸಲ ನೋಡು. ನಮ್ಮಲ್ಲಿ ಹೆಚ್ಚಾಗಿ ರೋಗ ಹುಟ್ಟುವುದು ತಂಬಾಕು ಕೂರುವ ಆ ಸಂದಿಯಲ್ಲೇ. ಹೆಂಗಸರನ್ನು ಕೇಳಲು ಸಂಕೋಚ ಬೇಡ. ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಅಜ್ಜಿಯರು ನಮ್ಮೂರುಗಳಲ್ಲಿ ಎಷ್ಟಿಲ್ಲ! ಕಾಲೇಜು ಹುಡುಗರ ವಿಷಯ ಇನ್ನೊಂದು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಆಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಗಿ ಅಂಗಡಿಯಲ್ಲಿ ಪಕ್ಕಪಕ್ಕದಲ್ಲೇ ತೂಗಾಡಿದವು. "ಬರೀ ಅಡಿಕೆ ಸಾರ್, ತಂಬಾಕಿಲ್ಲ" ಅನ್ನುವವನನ್ನೂ ಬಿಡಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ನಾಡಿನವರಿಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು. ಅವನದೇ ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಕೆನ್ನೆಯ ಒಳಚರ್ಮ ಬಿಗಿಯುತ್ತಿದೆ ಅಂತ ತಿಳಿ. ಚಟ ಬಿಟ್ಟರೂ ಆ ಬಿಗಿತ ಪೂರ್ತಿ ಸಡಿಲವಾಗುವುದು ಕಷ್ಟ.

ಬರೀ ಕಣ್ಣಿಂದ ನೋಡಿ ಏನಾಗುತ್ತೆ ಅಂತ ನಿನ್ನ ಗೆಳೆಯರು ಕೇಳಿಯಾರು. ತಿರುವನಂತಪುರದ ಪಂಚಾಯಿತಿಗಳಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ಅವರು ಡಾಕ್ಟರುಗಳಲ್ಲ. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲಿತಾಂಶದಂತೆ, ತಂಬಾಕು ಇಲ್ಲವೇ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ತಗ್ಗಿತ್ತು. ಸರ್ಕಾರಿ ಕಾರ್ಯಕ್ರಮದಲ್ಲೂ 30 ದಾಟಿದವರಿಗೆ ಈ ತಪಾಸಣೆ ಇದೆ. ಅದಕ್ಕೇ ನಿಮ್ಮೂರಿನ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಕೋ.

ಚೂಪು ಹಲ್ಲು ತಾಗಿ ಹುಣ್ಣಾಗಿದ್ದರೆ ಹಲ್ಲನ್ನು ಉಜ್ಜಿ ನುಣುಪು ಮಾಡು, ಎರಡು ವಾರ ಬಿಟ್ಟು ಮತ್ತೆ ಕರೆಸು. ಆಗಲೂ ಮಾಯದಿದ್ದರೆ ಇನ್ನೊಂದು ಮುಲಾಮು ಬರೆದು ಕಾಲ ಕಳೆಯಬೇಡ, ಬಯಾಪ್ಸಿಗೆ ಕಳಿಸು. "ಚೂರು ತೆಗೆದರೆ ಹರಡುತ್ತಂತೆ" ಅನ್ನುತ್ತಾರೆ. ಹರಡುವುದು ಬಿಟ್ಟಿದ್ದರಿಂದ ಅಂತ ಬಿಡಿಸಿ ಹೇಳು. ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಚೀಟಿ ಕೊಟ್ಟರೆ ನಿನ್ನ ಕೆಲಸ ಮುಗಿಯಲಿಲ್ಲ. ಹೋದರಾ ಅಂತ ಫೋನ್ ಮಾಡಿ ವಿಚಾರಿಸು, ಹೋಗದಿದ್ದರೆ ಮನೆಯವರಿಗೆ ಹೇಳು.

ಕುರ್ಚಿಯಲ್ಲಿ ಕೂತವರಿಗೆ ಎದುರಿಗೇ ಕಾಣುವಂತೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿಯ ನಂಬರು ಅಂಟಿಸು: 1800-11-2356. ಕರೆಗೆ ದುಡ್ಡಿಲ್ಲ.